ಉಗುರಿಗೆ ಎಳೆದ ಸೀಮೆಸುಣ್ಣದ ಗೆರೆ

ನನ್ನ ಅಕ್ಕನ ಗಂಡನನ್ನು ಬೀದಿಯವರೆಲ್ಲ ‘ಅಳತೆ ಮಾಸ್ತರು’ ಎನ್ನುತ್ತಾರೆ. ಅದು ಹೊಗಳಿಕೆ ಎಂದು ಅವರೊಬ್ಬರೇ ನಂಬಿದ್ದಾರೆ. ದರ್ಜಿ ಕೆಲಸ ಹಿಡಿದು ಮೂವತ್ತು ವರ್ಷವಾಯಿತು, ಒಂದೂ ತಪ್ಪು ಮಾಡಿಲ್ಲವಂತೆ. ಅಂಗಿ ಬಿಗಿಯಾದರೆ ಗಿರಾಕಿ ತಿಂದು ಊದಿದ್ದಾನೆ. ತೋಳು ಉದ್ದವಾದರೆ ಗಿರಾಕಿಯ ಕೈಯೇ ಮೋಟು. ಪಾಪದ ಮೇಷ್ಟ್ರೊಬ್ಬರಿಗೆ “ಕೋಟು ಸರಿಯಾಗೇ ಇದೆ ಸಾರ್, ನಿಮ್ಮ ಎಡಭುಜ ಸೊಟ್ಟ” ಎಂದು ಹೇಳಿ, ಅವರು ವಾರವಿಡೀ ಕನ್ನಡಿ ನೋಡಿಕೊಳ್ಳುವಂತೆ ಮಾಡಿದ ಮಹಾನುಭಾವರು.

ಇಂಥವರನ್ನು ಮನಸಾರೆ ಹಚ್ಚಿಕೊಂಡಿದ್ದ ಜೀವ ಒಂದೇ, ಅವರ ನಾಯಿ. ಅಕ್ಕನಿಗೆ ಬೇರೆ ದಾರಿ ಇರಲಿಲ್ಲ. ನಾಯಿ ಮಾತ್ರ ತಾನಾಗಿಯೇ ಹೋಗಿ ಅವರ ಕಾಲ ಬುಡದಲ್ಲಿ ಮಲಗುತ್ತಿತ್ತು. ಒಂಬತ್ತು ವರ್ಷದ ಕರಿ ನಾಯಿ, ಕರೆಯುವುದು ಈಗಲೂ ‘ಮರಿ’ ಎಂದೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಗ್ಗೆ ಷಟರ್ ಎತ್ತಿದ ಕೂಡಲೇ ಮರಿ ಹೊಲಿಗೆ ಯಂತ್ರದ ಕೆಳಗೆ ತೂರಿಕೊಳ್ಳುತ್ತಿತ್ತು. ಭಾವನ ಬಲಗಾಲು ಮೋಟಾರಿನ ಪೆಡಲ್ ಮೇಲೆ, ಎಡಗಾಲಿನ ಮೇಲೆ ಮರಿಯ ಗದ್ದ. ಆ ಮನುಷ್ಯ ದನಿ ತಗ್ಗಿಸಿ ಮಾತಾಡುತ್ತಿದ್ದದ್ದು ಅದರ ಜೊತೆ ಮಾತ್ರ.

ಒಂದು ದಿನ ಯಂತ್ರದಿಂದ ಇಳಿಬಿದ್ದಿದ್ದ ರೇಷ್ಮೆ ಬಟ್ಟೆಗೆ ಮರಿಯ ಉಗುರು ಸಿಕ್ಕಿ ಎಳೆ ಕಿತ್ತುಬಂತು. ಉಗುರು ಬೆಳೆದು ಕೊಕ್ಕೆಯಾಗಿತ್ತು. ಆದರೆ ಕಾಲು ಮುಟ್ಟಿದರೆ ಸಾಕು, ಮರಿ ಹಲ್ಲು ತೋರಿಸುತ್ತಿತ್ತು.

“ಪ್ರಾಣಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ” ಅಂದಳು ಅಕ್ಕ.

“ಕತ್ತರಿ ಹಿಡಿಯೋದನ್ನ ಡಾಕ್ಟ್ರು ನನಗೆ ಹೇಳ್ಕೊಡ್ಬೇಕಾ?” ಅಂದರು ಭಾವ.

ಕತ್ತರಿ ಎಂದರೆ ಬಟ್ಟೆ ಕತ್ತರಿಸುವ ಆ ದೊಡ್ಡ ಕತ್ತರಿಯೇ. ಬಟ್ಟೆ ಬಿಟ್ಟು ಬೇರೇನನ್ನು ಕತ್ತರಿಸಿದರೂ ಅದು ಮೊಂಡಾಗುತ್ತದೆಂದು ಯಾರೂ ಮುಟ್ಟುವಂತಿಲ್ಲ. ಹಿಂದೊಮ್ಮೆ ಅಕ್ಕ ಅದರಲ್ಲಿ ಹಾಲಿನ ಪ್ಯಾಕೆಟ್ಟಿನ ತುದಿ ಕತ್ತರಿಸಿದಳೆಂದು ಎಂಟು ದಿನ ಅವಳ ಜೊತೆ ಮಾತು ಬಿಟ್ಟಿದ್ದರು. ಈಗ ನಾಯಿಯ ಉಗುರಿಗೆ ಅದೇ ಬೇಕಾಯಿತು. ಬೇರೆಯದು ಅವರ ಕೈಗೆ ಒಗ್ಗುವುದಿಲ್ಲವಂತೆ.

ಮರಿಯನ್ನು ಕೋಟಿನ ಅಸ್ತರಿನ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲೆ ಹಿಡಿದುಕೊಳ್ಳುವ ಭಾಗ್ಯ ನನ್ನದಾಯಿತು. ಅದು ಗುರುಗುಟ್ಟುತ್ತಲೇ ಇತ್ತು. ಭಾವ “ಸುಮ್ನಿರೋ ಮರಿ” ಎಂದಾಗ, ಆ ದನಿಯ ಮೇಲಿನ ನಂಬಿಕೆಯಿಂದ ಕಾಲು ಕೊಟ್ಟಿತು. ಭಾವ ಟೇಪು ತೆಗೆದರು. ನಗಬೇಡಿ, ಟೇಪೇ! ಒಂದು ಉಗುರನ್ನು ಅಳೆದು, ಪ್ಯಾಂಟಿನ ಅಂಚಿಗೆ ಎಳೆಯುವ ಹಾಗೆ, ಎಲ್ಲಕ್ಕೂ ಅದೇ ಅಳತೆಗೆ ಸೀಮೆಸುಣ್ಣದ ಗೆರೆ ಎಳೆದರು. ನಾಯಿಯ ಉಗುರಿನೊಳಗೆ ರಕ್ತ ಹರಿಯುವ ಎಳೆ ಮಾಂಸವಿರುತ್ತದೆ. ಕರಿ ಉಗುರಿನಲ್ಲಿ ಅದು ಎಲ್ಲಿಯವರೆಗಿದೆ ಎಂದು ಹೊರಗೆ ಕಾಣುವುದಿಲ್ಲ.

“ತುದಿ ಮಾತ್ರ ಸ್ವಲ್ಪ ಸ್ವಲ್ಪ ತೆಗೀರಿ ಭಾವ, ಒಳಗೆ ಜೀವ ಇರತ್ತೆ” ಅಂದೆ.

“ಒಂದು ಉದ್ದ, ಒಂದು ಗಿಡ್ಡ ಬಿಡೋಕೆ ನಾನೇನು ನಿನ್ನೆ ಮೊನ್ನೆ ಕಲಿತವನಾ? ನೀನು ಗಟ್ಟಿಯಾಗಿ ಹಿಡ್ಕೊ.”

ಮೂರು ಉಗುರು ಹೋದವು. “ನೋಡಿದ್ಯಾ?” ಎಂದು ಬೀಗಿದರು. ನಾಲ್ಕನೆಯದಕ್ಕೆ ಕತ್ತರಿ ಸರಿಯಾಗಿ ಗೆರೆಯ ಮೇಲೆಯೇ ಕರಕ್ ಎಂದಿತು. ಮರಿ ಕಿರುಚಿದ್ದಕ್ಕೆ ಎದುರು ಮನೆಯವರು ಹೊರಗೆ ಬಂದರು. ಅಸ್ತರಿನ ತುಂಬ ರಕ್ತ. ಭಾವನ ಕೈ ಅದರ ಬಾಯಿಯ ಹತ್ತಿರವೇ ಇತ್ತು, ಆದರೂ ಕಚ್ಚಲಿಲ್ಲ. ಕೊಸರಿಕೊಂಡು ಹಾರಿ ಅಕ್ಕನ ಮಂಚದ ಕೆಳಗೆ ಸೇರಿಕೊಂಡಿತು.

“ಅದು ಅಲ್ಲಾಡ್ತು!” ಅಂದರು ಭಾವ.

ಅಲ್ಲಾಡಿರಲಿಲ್ಲ. ಹಿಡಿದುಕೊಂಡಿದ್ದವಳು ನಾನು.

ಅಕ್ಕ ಅದನ್ನು ಡಾಕ್ಟರ ಬಳಿ ಒಯ್ದು ಪಟ್ಟಿ ಹಾಕಿಸಿ, ಉಳಿದ ಉಗುರುಗಳನ್ನೂ ತೆಗೆಸಿಕೊಂಡು ಬಂದಳು. ಗಾಯ ವಾರದಲ್ಲಿ ಮಾಯಿತು. ಮರಿ ಮಾತ್ರ ಅಂಗಡಿಗೆ ಬರಲಿಲ್ಲ. ಬಾಗಿಲ ತನಕ ಬರುತ್ತಿತ್ತು. ಕತ್ತರಿಯ ಸದ್ದು ಕೇಳಿದರೆ ಬಾಲ ಮುದುರಿಕೊಂಡು ಮತ್ತೆ ಮಂಚದ ಕೆಳಗೆ. ಭಾವ ಬಿಸ್ಕತ್ತು ಇಟ್ಟರು, ಹಾಸಿಗೆ ಹಾಕಿದರು. ಒಂದು ದಿನ ನೋಡುತ್ತೇನೆ, ನೆಲಕ್ಕೆ ಕೆನ್ನೆ ಹಚ್ಚಿ ಮಲಗಿಕೊಂಡು ಮಂಚದ ಕೆಳಗೆ ಬೇಡಿಕೊಳ್ಳುತ್ತಿದ್ದಾರೆ: “ಬಾರೋ ಮರಿ... ನೀನು ಅಲ್ಲಾಡಿದ್ದಕ್ಕೆ ಹಾಗಾಯ್ತು ಕಣೋ.” ಆಗಲೂ ತಪ್ಪು ನಾಯಿಯದೇ! ಅನುಭವಿಸಲಿ ಎಂದುಕೊಂಡೆ.

ಮೂರು ವಾರ ಬಿಟ್ಟು ಹೋದಾಗ ಮರಿ ಯಂತ್ರದ ಕೆಳಗೆ ಮಲಗಿತ್ತು. ಭಾವನ ಕುರ್ಚಿ, ಕಟಿಂಗ್ ಮೇಜು ಎರಡೂ ಖಾಲಿ. ಹಿಂದಿನ ಬಚ್ಚಲುಮನೆಯ ಮುಚ್ಚಿದ ಬಾಗಿಲ ಒಳಗಿನಿಂದ ಸಣ್ಣದಾಗಿ ಕರಕ್ ಕರಕ್ ಕೇಳಿಸುತ್ತಿತ್ತು. ಅಳತೆ ಮಾಸ್ತರು ಬಕೆಟ್ಟುಗಳ ಮೇಲೆ ಹಲಗೆ ಹಾಕಿಕೊಂಡು ಕೋಟು ಕತ್ತರಿಸುತ್ತಿದ್ದರು! ಗಿರಾಕಿಗಳು ಕೇಳಿದರೆ ಅಲ್ಲಿ ಬೆಳಕು ಚೆನ್ನಾಗಿದೆ ಅನ್ನುತ್ತಾರಂತೆ. ಆ ಬಚ್ಚಲಿಗೆ ಇರುವುದು ಅಂಗೈ ಅಗಲದ ಒಂದು ಕಿಂಡಿ. ಕೆಲಸ ಮುಗಿಸಿ ಕತ್ತರಿಯನ್ನು ಅಲ್ಲೇ ಬಿಟ್ಟು ಬಂದು, ಯಂತ್ರದ ಮುಂದೆ ಕೂತು, ಎಡಗಾಲು ಚಾಚಿ ಕಾದರು. ಎಷ್ಟೋ ಹೊತ್ತಿನ ಮೇಲೆ ಮರಿ ಗದ್ದ ಇಟ್ಟಿತು.

ನಾನು ಒಳಗೆ ಹೋಗಿ ನಕ್ಕೆ. “ಅಂತೂ ನಿನ್ನ ಗಂಡನಿಗೂ ಹೆದರೋರನ್ನ ಕಂಡ್ರೆ ಮೆತ್ತಗಾಗೋಕೆ ಬರತ್ತೆ ಅಂತ ಆಯ್ತು, ಅಕ್ಕ.”

“ನಂಗೆ ಗೊತ್ತಾಗಲಿಲ್ಲ ಕಣೆ” ಅಂದಳು ಅಕ್ಕ, ಬಚ್ಚಲಲ್ಲಿ ಬಿದ್ದಿದ್ದ ಬಟ್ಟೆಯ ಚೂರುಗಳನ್ನು ಗುಡಿಸುತ್ತ. “ಇಷ್ಟು ವರ್ಷ ನಾನೂ ಮಂಚದ ಕೆಳಗೆ ಹೋಗಿ ಕೂತ್ಕೋಬೇಕಿತ್ತು.”