ಜಾತಕದ ಕೆಳಗಿನ ಬಿ.ಎ.

"ನಿನ್ನ ಕೈಲಿ ಡಿಗ್ರಿ ಆಗಲ್ಲ, ಬಿಡಮ್ಮ" ಎಂದವರು ನಮ್ಮ ಭಾವ, ನನ್ನ ಗಂಡನ ಅಣ್ಣ. ಬ್ರಿಸ್ಬೇನ್ ಹತ್ತಿರ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ತಮ್ಮ ಮನೆಯ ಹಿತ್ತಲಲ್ಲಿ, ಬಾರ್ಬಿಕ್ಯೂ ಒಲೆಯ ಮೇಲೆ ಜೋಳದ ತೆನೆ ತಿರುವುತ್ತ, ಹತ್ತು ಜನರ ಮುಂದೆ ಅಂದರು. "ಮದುವೆಗೆ ಮುಂಚೇನೇ ಬಿ.ಎ. ಓದ್ತಿದ್ಯಲ್ಲ, ಮತ್ತೆ ಯಾಕೆ ಸೇರ್ತೀಯಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಏಳನೇ ಕ್ಲಾಸಿನವರೆಗೆ ಓದಿದ ಅಮ್ಮ, ಮೈಸೂರಿನಲ್ಲಿ ನನ್ನ ಜಾತಕದ ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: 'ಹುಡುಗಿ ಬಿ.ಎ. ಓದುತ್ತಿದ್ದಾಳೆ.' ಹುಡುಗಿ ಆಗ ಪಿಯುಸಿಯಲ್ಲಿ ಇಂಗ್ಲಿಷಿನಲ್ಲೇ ಫೇಲಾಗಿ ಮನೆಯಲ್ಲಿ ಹಪ್ಪಳ ಒತ್ತುತ್ತಿದ್ದಳು. ಮದುವೆಯಾದ ತಿಂಗಳಿಗೇ ಗುಟ್ಟು ರಟ್ಟಾಯಿತು. ತನ್ನ ಎತ್ತರಕ್ಕೆ ತಾನೇ ಎರಡು ಇಂಚು ಸೇರಿಸಿದ್ದ ಗಂಡ ನಕ್ಕು ಸುಮ್ಮನಾದ. ಭಾವ ಮಾತ್ರ ಮರೆಯಲಿಲ್ಲ. ಅವರ ಬಾಯಲ್ಲಿ ಅಮ್ಮ ಅಂದಿನಿಂದ 'ಸುಳ್ಳು ಬರೆದವರು'.

ಏಳು ವರ್ಷ, ಭಾವನ ಊರಿಂದ ದೂರ ನಾವಿದ್ದ ಮಾಡ್ಬರಿಯ ಅಂಗಡಿಯಲ್ಲಿ ಬ್ರೆಡ್ಡು ಮಾರಿ, ಎರಡು ಬಸ್ಸು ಹತ್ತಿ ಬೆಡ್‌ಫರ್ಡ್ ಪಾರ್ಕಿನ ಯೂನಿವರ್ಸಿಟಿ ಕ್ಲಾಸಿಗೆ ಹೋದೆ. ಓದಿದ್ದು ಇಂಗ್ಲಿಷನ್ನೇ. ಅಲ್ಲೊಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ರೈಲಿನಷ್ಟು ಉದ್ದದ ಪದ ಬರೆದರು: ಆಟೊಬಯಾಗ್ರಫಿಕ್ಷನ್. ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ಲೇಖಕರೊಬ್ಬರು ಆತ್ಮಕಥೆಗೂ ಕಟ್ಟುಕಥೆಗೂ ಗಂಟು ಹಾಕಿ ಮಾಡಿದ್ದಂತೆ. ಪದ ಮೂಲೆಗೆ ಬಿತ್ತು. ಎಷ್ಟೋ ಕಾಲದ ಮೇಲೆ ಫ್ರಾನ್ಸಿನವರೊಬ್ಬರು ತಮ್ಮ ಕಾದಂಬರಿಯನ್ನು ಆಟೊಫಿಕ್ಷನ್ ಎಂದು ಕರೆದರು. ಅದು ಊರೆಲ್ಲ ಓಡಾಡತೊಡಗಿದಾಗ ವಿದ್ವಾಂಸರು ಹಳೆಯದರ ಧೂಳು ಕೊಡವಿದರು.

ನನಗೆ ಕೈ ಎತ್ತದೆ ಇರಲಾಗಲಿಲ್ಲ. "ನಮ್ಮೂರಲ್ಲಿ ಇದನ್ನ ಜಾತಕದ ಕೆಳಗೆ ಬರೀತಾರೆ ಸರ್" ಎಂದು ಇಂಗ್ಲಿಷಿನಲ್ಲೇ ವಿವರಿಸಿದೆ. ಕೊನೆಯ ಪ್ರಬಂಧಕ್ಕೆ ಅದೇ ವಿಷಯವಾಯಿತು. ಫೋನಿನಲ್ಲಿ ಅಮ್ಮನ ಒಪ್ಪಿಗೆ ಕೇಳಿದರೆ, "ಅಲ್ಲೂ ನನ್ನ ಮಾನ ಕಳೀತೀಯೇನೆ?" ಎಂದಳು. ಆಮೇಲೆ, "ಪಾಸಾಗೋ ಹಾಗಿದ್ರೆ ಬರಿ."

ಪಾಸಾದೆ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲಿಗಳು ನಾನು. ಇದನ್ನು ಮೆಲ್ಲಗೆ ಹೇಳುವಷ್ಟು ವಿನಯ ನನಗಿಲ್ಲ. ಪದವಿ ಪ್ರದಾನಕ್ಕೆ ಮೈಸೂರಿನಿಂದ ಅಮ್ಮ ಬಂದಳು, ಬ್ರಿಸ್ಬೇನಿನಿಂದ ಭಾವನೂ ಬಂದರು. ವೇದಿಕೆ ಇಳಿದವಳೇ ಸರ್ಟಿಫಿಕೇಟನ್ನು ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಬೆರಳಿಟ್ಟು ನನ್ನ ಹೆಸರು ಹುಡುಕಿದಳು. ಸಿಕ್ಕಿತು. ಹಾಳೆಯನ್ನು ಹಾಗೇ ಭಾವನ ಕಡೆ ತಿರುಗಿಸಿದಳು.

"ನೋಡಿ, ನಾನು ಸುಳ್ಳು ಬರೆದಿರಲಿಲ್ಲ. ಸ್ವಲ್ಪ ಮುಂಚೆ ಬರೆದ್ಬಿಟ್ಟಿದ್ದೆ, ಅಷ್ಟೆ."