ನೀಲಾಂಬಿಕಮ್ಮನ ನೀರಿನ ತೂಕ

ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನಮಗೆಲ್ಲ ಅದೇ ವ್ಯಾಪಾರದ ನೀಲಾಂಬಿಕಮ್ಮನನ್ನು ಕಂಡರೆ ಒಳಗೊಳಗೇ ಉರಿ. ನಾವು ಕೊಬ್ಬರಿ ಒಡೆದು, ಮೂಸಿ ನೋಡುವುದರೊಳಗೆ ಆಕೆ ಚೀಲ ಎತ್ತಿ ಕೆಳಗಿಟ್ಟು, ಭಾರದಲ್ಲೇ ತಿಳಿದು, "ನೀರೈತೆ ಕಣಪ್ಪ, ಒಣಗಿಸ್ಕೊಂಡು ಬಾ" ಎಂದು ರೈತನನ್ನು ಕಳಿಸಿರುತ್ತಿದ್ದಳು. ಗಂಡ ಪಾಲಾಕ್ಷಪ್ಪನಿಗೆ ಅಂಗಡಿಯಲ್ಲಿದ್ದ ಕೆಲಸ ಹೂಂಗುಟ್ಟುವುದು. ಅದರಲ್ಲಿ ಆತ ನಿಪುಣ.

ಎರಡು ಸಾವಿರದ ಮೂರರಲ್ಲಿ ಆಕೆಯ ಎದೆಯಲ್ಲಿ ಗಂಟು ಕಂಡಿತು. ಕ್ಯಾನ್ಸರ್. ಆಪರೇಷನ್ ಆಗಿ, ಹಾಸನದಲ್ಲಿ ಕೆಂಪು ಔಷಧಿಯ ಡ್ರಿಪ್ ಶುರುವಾಯಿತು. ಉಚ್ಚೆಯೂ ಕೆಂಪಾದದ್ದೇ ತಡ, ಪೇಟೆಯವರೆಲ್ಲ ಪಂಡಿತರಾದೆವು: ಇದು ಉಷ್ಣ! ಉಪ್ಪು ಹಾಕಿದ ಮಜ್ಜಿಗೆ ಚೊಂಬುಗಟ್ಟಲೆ, ಎಳನೀರು ಗೊನೆಗಟ್ಟಲೆ. ನಾನೂ ಒಂದು ಗೊನೆ ಕಳಿಸಿದೆ. ಪುಕ್ಕಟೆ ಕೊಟ್ಟದ್ದು ನಮ್ಮ ಮನೆತನದಲ್ಲಿ ಅದೇ ಮೊದಲು.

ಕೆಲವು ಸುತ್ತು ಔಷಧಿ ಆಗುವ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಮಲಗಿದರೆ ಉಸಿರು ಕಟ್ಟಿ, ಗೋಡೆಗೊರಗಿ ಕೂರಬೇಕು. ಕಾಲುಂಗುರ ಬೆರಳಿನಲ್ಲಿ ಹೂತುಹೋಗಿತ್ತು. ಡಾಕ್ಟರಿಗೆ ಹೇಳಲು ಮಾತ್ರ ಒಲ್ಲಳು.

"ಹೇಳುದ್ರೆ ಔಸ್ದಿ ನಿಲ್ಲಿಸ್ಬುಡ್ತಾರೆ ಕಣ್ರೀ. ಅರ್ಧಕ್ಕೆ ಬುಟ್ರೆ ಗಂಟು ಸುಮ್ನಿರ್ತದಾ? ಮುಗಿಸೇ ತೀರ್ತೀನಿ."

ಪಾಲಾಕ್ಷಪ್ಪ ಹೂಂ ಎಂದ, ಕೈಯಲ್ಲಿ ಮಜ್ಜಿಗೆ ಚೊಂಬು.

ಒಂದು ಸಂಜೆ ವ್ಯಾಪಾರ ಮುಗಿದ ಮೇಲೆ, ನನ್ನೆದುರೇ ಆಕೆ ಕೊಬ್ಬರಿಯ ತೂಕದ ಯಂತ್ರ ಹತ್ತಿದಳು. ಉಂಡದ್ದನ್ನೆಲ್ಲ ಕಕ್ಕುತ್ತಿದ್ದವಳ ತೂಕ ಏರಿತ್ತು!

"ಪರ್ವಾಗಿಲ್ವಲ್ಲಕ್ಕ, ಮೈಕೈ ತುಂಬ್ಕೊಂಡ್ರಿ" ಎಂದೆ.

ಆಕೆ ನಗಲಿಲ್ಲ. ಬಗ್ಗಿ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಬಿದ್ದ ಕುಳಿ ಹಾಗೇ ಉಳಿಯಿತು.

"ಮೈಯಲ್ಲ ಕಣಣ್ಣ, ನೀರು. ಇಂಥ ಮಾಲು ನಾನೇ ತಗಳಲ್ಲ. ರೀ, ಕಾರು ಕರೀರಿ!"

ಹಾಸನದಲ್ಲಿ ಗುಂಡಿಗೆಯ ಸ್ಕ್ಯಾನ್, ಅಂದರೆ ಎಕೋ, ಮಾಡಿದರು. ಕೆಂಪು ಔಷಧಿ ಗಂಟಿನ ಜೊತೆ ಗುಂಡಿಗೆಯನ್ನೂ ಹಣಿದಿತ್ತು. ರಕ್ತ ಒತ್ತುವ ಶಕ್ತಿ ಕುಂದಿ, ನೀರು ಮೈಯಲ್ಲೇ ನಿಂತಿತ್ತು. ನಮ್ಮ ಉಪ್ಪುಮಜ್ಜಿಗೆ, ಎಳನೀರು ಅದರ ಮೇಲೆ ಹೊರೆ.

"ಮೊದಲೇ ಹೇಳಬಾರದಿತ್ತೇನಮ್ಮ?" ಎಂದರು ಡಾಕ್ಟರ್.

"ಆಮೇಲೆ ಬಯ್ಯಿರಿ ಸಾ. ಗಂಟಿಗೆ ಬ್ಯಾರೆ ಔಸ್ದಿ ಐತಾ, ಇಲ್ವಾ?"

ಇತ್ತು. ಗುಂಡಿಗೆಗೆ ಮಾತ್ರೆ, ಉಪ್ಪಿಗೆ ಕಡಿವಾಣ, ನೀರಿಗೆ ಅಳತೆ, ದಿನಾ ಬೆಳಿಗ್ಗೆ ತೂಕ. ಸ್ವಲ್ಪ ಸುಧಾರಿಸಿದ ಮೇಲೆ, ಔಷಧಿ ಬದಲಿಸಿ ಉಳಿದ ಸುತ್ತುಗಳನ್ನು ಮುಗಿಸಿದರು.

ನಮ್ಮಲ್ಲಿ ತೂಕದ ಬೋಣಿ ಮಾಲಿನದ್ದೇ ಆಗಬೇಕು, ಮನುಷ್ಯರು ಹತ್ತುವಂತಿಲ್ಲ. ಆಕೆ ಮಾತ್ರ ದಿನಾ ಊದುಬತ್ತಿ ಹಚ್ಚಿ, ಮೊದಲು ತಾನೇ ಹತ್ತುತ್ತಾಳೆ. ಗುಂಡಿಗೆ ಪೂರ್ತಿ ಮೊದಲಿನಂತಾಗಲಿಲ್ಲ. ಚೀಲ ಎತ್ತುವ ಕೆಲಸ ಪಾಲಾಕ್ಷಪ್ಪನ ಪಾಲಿಗೆ ಬಂದಿದೆ.

ಮೊನ್ನೆ ತೂಕ ಒಂದಿಷ್ಟು ಏರಿತ್ತು. ಆಕೆ ಇಳಿಯದೆ ಅಲ್ಲಿಂದಲೇ ಕೇಳಿದಳು:

"ರೀ, ನೆನ್ನೆ ಸಾರಿಗೆ ಉಪ್ಪು ಹಾಕ್ದೋರ್ಯಾರು?"

ಹೂಂ ಎನ್ನಲು ಬಾಯಿ ತೆರೆದ ಪಾಲಾಕ್ಷಪ್ಪ, ಯೋಚಿಸಿ ಮುಚ್ಚಿದ.