ಸುಚಿತಾಳ ಎಂಟನೇ ತಿಂಗಳು

ನನ್ನ ಹೊಲಿಗೆ ಮಷಿನಿನ ಎದುರು ನಿಂತು ಸುಳ್ಳು ಹೇಳಿ ದಕ್ಕಿಸಿಕೊಂಡವರು ನಮ್ಮೂರು ಮಂಕಿಯಲ್ಲಿ ಯಾರೂ ಇಲ್ಲ. ‘ಹೋದ ವರ್ಷದ ಅಳತೆಯೇ ಇರಲಿ ಮಾಲತಕ್ಕ’ ಅನ್ನುವ ಹೆಂಗಸರ ಬಾಯಿಯನ್ನು ನಾನು ಕೇಳುವುದಿಲ್ಲ, ಸೊಂಟವನ್ನು ಕೇಳುತ್ತೇನೆ. ಆದರೆ ಪಕ್ಕದ ಮನೆಯ ಸುಚಿತಾ ಬಂದು ನಿಂತರೆ ಟೇಪು ಹಿಡಿಯಲು ನನಗೇ ಬಹಳ ದಿನ ಧೈರ್ಯ ಬರಲಿಲ್ಲ.

ಸುಚಿತಾ ಕುಮಟೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಉಟ್ಟರೆ ಹೇಗೆ ಕಾಣುತ್ತದೆ ಎಂದು ಗಿರಾಕಿಗಳು ಕೇಳಿದಾಗ ನೆರಿಗೆ ಹಿಡಿದು, ಸೆರಗನ್ನು ತನ್ನ ಹೆಗಲಿಗೆ ಹಾಕಿಕೊಂಡು ತೋರಿಸುವವಳು ಅವಳೇ. ಗಂಡ ದಿನಕರ ಬೋಟಿನಲ್ಲಿ ದುಡಿಯುತ್ತಾನೆ, ಸಮುದ್ರಕ್ಕೆ ಇಳಿದರೆ ವಾರಗಟ್ಟಲೆ ಮನೆ ಕಡೆ ಇಲ್ಲ. ಮನೆಯಲ್ಲಿ ಅತ್ತೆ ಮಾದೇವಿ, ಎರಡನೇ ಕ್ಲಾಸಿಗೆ ಹೋಗುವ ಮಗಳು ಸೌಜನ್ಯಾ. ಹೋದ ಮಳೆಗಾಲದಲ್ಲಿ ಸುಚಿತಾಗೆ ಎರಡನೆಯದು ಎಂಟು ತಿಂಗಳು ತುಂಬುತ್ತಿದ್ದಾಗ ಒಂದು ದಿನ ಹೊಟ್ಟೆಯೊಳಗೆ ಮಗು ಅಲುಗುವುದು ನಿಂತಿತು. ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಅಳು ಕೇಳಲಿಲ್ಲ. ಬೇರೆ ಊರಿನ ಬಂದರು ದಕ್ಕೆಯಲ್ಲಿದ್ದ ದಿನಕರ ಬಂದು ಮುಟ್ಟುವಷ್ಟರಲ್ಲಿ ಕೇರಿಯ ಗಂಡಸರು ಮಗುವನ್ನು ಮಣ್ಣು ಮಾಡಿ ಸ್ನಾನ ಮುಗಿಸಿದ್ದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಒಂದು ಮಾತು ಹೇಳಿ ಕೇರಿ ಸುಮ್ಮನಾಯಿತು. ಮೊದಲ ಹೆರಿಗೆಯಲ್ಲಿ ಮಾದೇವಿ ಸೊಸೆಗೆ ಎಣ್ಣೆ ತಿಕ್ಕಿ, ಹಂಡೆಗಟ್ಟಲೆ ಬಿಸಿನೀರು ಹೊಯ್ದು, ಹಳೆ ಹತ್ತಿ ಸೀರೆಯಲ್ಲಿ ಹೊಟ್ಟೆಯನ್ನು ಬಿಗಿದು ಕಟ್ಟಿದ್ದಳು. ಈ ಸಲ ಹಂಡೆಯ ಒಲೆಗೆ ಯಾರೂ ಬೆಂಕಿ ಹಾಕಲಿಲ್ಲ. ಮಗುವೇ ಇಲ್ಲದ ಮೇಲೆ ಎಂತ ಬಾಣಂತನ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ಹಾಗೆ ಆಗಿಹೋಯಿತು. ಮೈಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಹಾಲು ಬಂತು, ರವಿಕೆ ತೋಯ್ದಿತು. ಹೊಟ್ಟೆ ಇಳಿಯಲಿಲ್ಲ. ಚೌತಿ ಹೋಗಿ ದೀಪಾವಳಿ ಬಂದರೂ ಚರ್ಮ ಜೋತುಬಿದ್ದೇ ಇತ್ತು, ಎದ್ದು ನಿಂತರೆ ನಡುವೆ ಮುಂದಕ್ಕೆ ಉಬ್ಬುತ್ತಿತ್ತು. ಸೀರೆ ಉಟ್ಟರೆ ತುಂಬಿದ ಬಸುರಿಯೇ.

ಆಮೇಲೆ ನೋಡಿ, ಕೇರಿಯಲ್ಲಿ ಮನೆಗೊಬ್ಬರು ವೈದ್ಯರು ಹುಟ್ಟಿಕೊಂಡರು. ಜೀರಿಗೆ ನೀರು ಕುಡಿ ಎಂದು ಒಬ್ಬಳು, ಮೆಡಿಕಲ್ ಅಂಗಡಿಯ ಬೆಲ್ಟು ಹಾಕು ಎಂದು ಇನ್ನೊಬ್ಬಳು. ಮಂಗಳೂರಿನಲ್ಲಿ ಮಷಿನು ಇಟ್ಟು ಕೊಬ್ಬನ್ನು ತಣ್ಣಗೆ ಮಾಡಿ ಕರಗಿಸುತ್ತಾರಂತೆ ಎಂದು ಭಟ್ಕಳದಿಂದ ನಾದಿನಿಯ ಫೋನು. ಮೊಬೈಲಿನಲ್ಲಿ ನೋಡಿದ ಯಾವುದೋ ಎಣ್ಣೆಯನ್ನು ಸುಚಿತಾ ತರಿಸಿ ಹಚ್ಚಿದ್ದೂ ಆಯಿತು, ಮನೆಯೆಲ್ಲ ಘಮಘಮ ಎಂದದ್ದು ಬಿಟ್ಟರೆ ಬೇರೆ ಲಾಭ ಕಾಣಲಿಲ್ಲ. ಮಾದೇವಿ ಮಾತ್ರ ಒಳಗೊಳಗೇ ಕೊರಗುತ್ತಿದ್ದಳು, ನಾನು ಕಟ್ಟದೇ ಹೋದದ್ದಕ್ಕೇ ಹೀಗಾಯಿತು ಎಂದು.

ಕಡೆಗೆ ಹೊನ್ನಾವರದ ಲೇಡಿ ಡಾಕ್ಟರಿಗೆ ತೋರಿಸಿದಾಗ ನಾನೂ ಜೊತೆಗಿದ್ದೆ. ಅವರು ಸಮಾಧಾನವಾಗಿ ಹೇಳಿದರು. ಕಟ್ಟದೇ ಇದ್ದದ್ದು ಕಾರಣವಲ್ಲ, ಕಟ್ಟಿದರೆ ಸೊಂಟಕ್ಕೆ ಆಸರೆ ಸಿಗುತ್ತದೆ ಅಷ್ಟೆ. ಹೊಟ್ಟೆಯ ನಡುವೆ ಎರಡೂ ಕಡೆಯ ಸ್ನಾಯು ಬಸುರಿನಲ್ಲಿ ಅಗಲವಾಗಿ, ಮತ್ತೆ ಹತ್ತಿರ ಬಂದಿಲ್ಲ. ಅದಕ್ಕೆ ವ್ಯಾಯಾಮ ಇದೆ. ಜೋತ ಚರ್ಮ ವ್ಯಾಯಾಮದಿಂದ ಪೂರ್ತಿ ಹೋಗುವುದಿಲ್ಲ, ಎಣ್ಣೆ ಕ್ರೀಮಿನಿಂದಲೂ ಇಲ್ಲ. ಕೊಬ್ಬು ಕರಗಿಸುವ ಮಷಿನು ಅಲ್ಲಿಷ್ಟು ಇಲ್ಲಿಷ್ಟು ಕೊಬ್ಬಿಗೆ ಆದೀತು, ಇಷ್ಟು ಸಡಿಲ ಚರ್ಮಕ್ಕೆ ಆಗದು. ಬೇಕೇ ಬೇಕು ಅಂದರೆ ಆಪರೇಷನ್ ಮಾಡಿ ಹೆಚ್ಚಿನ ಚರ್ಮ ತೆಗೆದು, ಸ್ನಾಯು ಹೊಲಿಯುತ್ತಾರೆ. ಅದು ದೊಡ್ಡ ಆಪರೇಷನ್, ಇನ್ನು ಮಕ್ಕಳು ಬೇಡ ಎಂದು ತೀರ್ಮಾನವಾದ ಮೇಲೆ ಮಾಡಿಸುವುದು ಒಳ್ಳೆಯದು, ಇನ್ನೊಂದು ಬಸುರಿನಲ್ಲಿ ಮತ್ತೆ ಸಡಿಲವಾಗಬಹುದು. ಹೊಲಿಗೆಯ ವಿಷಯವಾದ್ದರಿಂದ ನನಗೆ ಎಲ್ಲ ಚೆನ್ನಾಗಿ ಅರ್ಥವಾಯಿತು. ಸುಚಿತಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

ವ್ಯಾಯಾಮ ಕಲಿಸಲು ಕುಮಟೆಯಲ್ಲಿ ರೂಪಾ ಎಂಬ ಫಿಸಿಯೋಥೆರಪಿಯ ಹುಡುಗಿ ಸಿಕ್ಕಳು. ಮಲಗಿಸಿ, ತಲೆ ಎತ್ತಿಸಿ, ಹೊಕ್ಕುಳ ಮೇಲೆ ಬೆರಳಿಟ್ಟು ನೋಡಿದಳು. ನಡುವಿನ ಸಂದಿಯಲ್ಲಿ ಮೂರು ಬೆರಳು ಕೂರುತ್ತಿತ್ತು. ಎದ್ದು ಬಗ್ಗಿ ಹೊಟ್ಟೆ ಒತ್ತುವ ಕಸರತ್ತು ಈಗ ಬೇಡವೇ ಬೇಡ, ಚಾಪೆಯ ಮೇಲೆ ಮಲಗಿ ಉಸಿರು ಬಿಡುತ್ತಾ ಹೊಟ್ಟೆಯನ್ನು ಮೆಲ್ಲಗೆ ಒಳಗೆ ಎಳೆದುಕೊಳ್ಳುವುದರಿಂದ ಶುರು ಎಂದಳು. ಸುಚಿತಾ ದಿನಾ ಮಾಡಿದಳು. ಸಂದಿ ಕಿರಿದಾಗುತ್ತಾ ಬಂತು, ರೂಪಾಗೆ ಖುಷಿ. ಅಷ್ಟರಲ್ಲಿ ಇವಳು ಇದ್ದಕ್ಕಿದ್ದಂತೆ ಚಾಪೆ ಹಾಸುವುದನ್ನೇ ಬಿಟ್ಟಳು.

ಯಾಕೆಂದು ನನಗೆ ಗೊತ್ತಾದದ್ದು ಒಂದು ಚೂಡಿದಾರದಿಂದ. ಬಟ್ಟೆ ತಂದುಕೊಟ್ಟು, ಎದೆಯ ಕೆಳಗಿಂದಲೇ ನೆರಿಗೆ ಇಟ್ಟು ಹೊಟ್ಟೆಯ ಮೇಲೆ ಅಗಲ ಬಿಡು ಅಂದಳು. ಹೊಟ್ಟೆ ಮುಚ್ಚಲು ಹೊಲಿಸುವವರನ್ನು ದಿನಾ ನೋಡುತ್ತೇನೆ, ಹೊಟ್ಟೆ ಕಾಣಲಿ ಎಂದು ಹೊಲಿಸುವವಳು ಇವಳೊಬ್ಬಳೇ. ಎಂತದೇ ಇದು ಎಂದು ಗದರಿದೆ. ಆಗ ಮಷಿನಿನ ಪಕ್ಕದಲ್ಲಿ ಕೂತು, ಕನಸು ಹೇಳುವವರ ಹಾಗೆ ನಿಧಾನವಾಗಿ ಹೇಳತೊಡಗಿದಳು.

ಸಂದಿ ಕಿರಿದಾಗುತ್ತಾ ಬಂದ ಮೇಲೆ ಕೆಲಸಕ್ಕೆ ಮತ್ತೆ ಹೋಗಲು ಶುರು ಮಾಡಿದ ವಾರವೇ ಬಸ್ಸಿನಲ್ಲಿ ಒಬ್ಬ ಹುಡುಗ ಎದ್ದು ಸೀಟು ಬಿಟ್ಟನಂತೆ. ಇವಳು ನಾಚಿಕೊಂಡು ಕೂತಳು. ಹೊನ್ನಾವರಕ್ಕಿಂತ ಮೊದಲು ಸಿಗುವ ಕಾಸರಕೋಡಿನಲ್ಲಿ ಮೀನಿನ ಬುಟ್ಟಿ ಹತ್ತಿಸಿದ ಮುದುಕಿ ಪಕ್ಕದಲ್ಲಿ ಕೂತು, ಎಷ್ಟು ತಿಂಗಳಾಯಿತು ಮಗಾ ಎಂದು ಕೇಳಿತು. ಇಲ್ಲ ಎಂದು ಹೇಳಲು ಹೊರಟ ಬಾಯಲ್ಲಿ ‘ಎಂಟು’ ಎಂದು ಬಂದುಬಿಟ್ಟಿತು. ಬಸ್ಸು ಶರಾವತಿ ಸೇತುವೆ ಹತ್ತಿತು. ಕೆಳಗೆ ನೀರು, ನೀರಿನ ಮೇಲೆ ಬೆಳಗಿನ ಮಂಜು, ನದಿ ಯಾವುದು ಸಮುದ್ರ ಯಾವುದು ಗೊತ್ತಾಗದ ಬಿಳಿ ಬೆಳಕು. ಸುಚಿತಾ ಹೊಟ್ಟೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದಳು. ಮಗು ಮಗ್ಗುಲು ಬದಲಿಸಿತು. ಆ ಅಲುಗಾಟವನ್ನು ಅಂಗೈಯಲ್ಲಿ ಕಂಡೆ ಎಂದು ನನ್ನ ಎದುರು ಆಣೆ ಇಟ್ಟು ಹೇಳಿದಳು.

ಅಂದಿನಿಂದ ಅದೇ ಬಸ್ಸು, ಅದೇ ಸೀಟು. ಮುದುಕಿಯ ಹೆಸರು ತಿಮ್ಮಿ, ಕುಮಟೆ ಪೇಟೆಯಲ್ಲಿ ಮೀನು ಮಾರುವವಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ನಂಬಿದ್ದಾರಲ್ಲ, ಹಾಗಾಗಿ ದಿನವೂ ಎಂತ ತಿನ್ನಲು ಮನಸ್ಸಾಗುತ್ತದೆ ಎಂದು ಕೇಳುವುದು, ಮರುದಿನ ತರುವುದು. ಒಂದು ದಿನ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ, ಒಂದು ದಿನ ಹುರಿದ ನೊಗ್ಲಿ ಮೀನು. ಇವಳು ತಿನ್ನುವುದು. ಮನೆಯಿಂದ ಹೊರಟರೆ ಕುಮಟೆ ಸ್ಟ್ಯಾಂಡಿನವರೆಗೆ ಅವಳು ಬಸುರಿ, ಇಳಿದ ಕೂಡಲೇ ಅಂಗಡಿಯ ಸುಚಿತಾ. ಎಂಟನೇ ತಿಂಗಳು ಮುಗಿಯುವ ಮಾತೇ ಇಲ್ಲ.

ನನಗೆ ಕೆಟ್ಟ ಸಿಟ್ಟು ಬಂತು. ಆ ಮುದುಕಿಯ ಅನ್ನ ಸುಳ್ಳು ಹೇಳಿ ತಿನ್ನುತ್ತೀಯಲ್ಲ, ನಾಳೆ ಗೊತ್ತಾದರೆ ಏನು ಹೇಳುತ್ತೀ, ಅದಕ್ಕಾಗಿ ಗುಣವಾಗುತ್ತಿರುವ ಮೈಯನ್ನೂ ಹಾಳು ಮಾಡಿಕೊಳ್ಳುತ್ತೀಯಾ ಎಂದು ಬಾಯಿಗೆ ಬಂದಂತೆ ಬೈದೆ.

ಅವಳು ಬೈಗುಳವನ್ನೆಲ್ಲ ಕೇಳಿಸಿಕೊಂಡು, “ಬಸ್ಸಲ್ಲಿ ಮಾತ್ರ ಅದು ಇರ್ತದೆ ಮಾಲತಕ್ಕ. ಹೊಟ್ಟೆ ಇಳಿದ್ರೆ ಅದು ಎಲ್ಲಿಗೆ ಹೋಗ್ಬೇಕು?” ಅಂದಳು.

ನನ್ನ ಕಾಲು ಪೆಡಲಿನ ಮೇಲೇ ನಿಂತಿತು. ಆದರೂ ನಾನು ಬಿಡುವ ಪೈಕಿಯಲ್ಲ. ಅಸ್ತರಿನ ಬಟ್ಟೆ ತರುವ ನೆಪ ಮಾಡಿ ಮರುವಾರ ಅವಳ ಜೊತೆಗೇ ಬಸ್ಸು ಹತ್ತಿದೆ. ಇವಳು ಹೇಳದಿದ್ದರೆ ನಾನೇ ತಿಮ್ಮಿಗೆ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಅವಳಿಗೂ ಅದು ಗೊತ್ತಿತ್ತು.

ಕಾಸರಕೋಡಿನಲ್ಲಿ ತಿಮ್ಮಿ ಹತ್ತಿದಳು. ಕೂದಲು ಹಣ್ಣಾದ, ಕೈತುಂಬ ಬಳೆಯ ಗಟ್ಟಿ ಹೆಂಗಸು. ಅವತ್ತು ಮೀನಿನ ಬುಟ್ಟಿಯಲ್ಲದೆ ಕೈಯಲ್ಲಿ ಇನ್ನೊಂದು ಚೀಲ. ಕೂತವಳೇ ಚೀಲದಿಂದ ಬಾಳೆ ಎಲೆಯ ಪೊಟ್ಟಣ ಬಿಚ್ಚಿದಳು, ಅರಿಶಿನ ಎಲೆಯ ಕಡಬಿನ ಪರಿಮಳ ಬಸ್ಸಿಗೆಲ್ಲ ಹರಡಿತು. ಹಸಿರು ಬಳೆ ತೆಗೆದಳು, ಅಬ್ಬಲಿಗೆಯ ದಂಡೆ ತೆಗೆದಳು. ಒಂಬತ್ತಕ್ಕೆ ಬಿದ್ದ ಮೇಲೆ ನೀನು ಬಸ್ಸಿಗೆ ಬರುವುದಿಲ್ಲ, ನಿನ್ನ ಮನೆ ನಾನು ಕಂಡಿಲ್ಲ, ಅದಕ್ಕೇ ಹೂ ಮುಡಿಸಿ, ಬಳೆ ತೊಡಿಸಿ ಇಲ್ಲೇ ಬಯಕೆ ಹಾಕುತ್ತೇನೆ ಎಂದಳು. ಅಕ್ಕಪಕ್ಕದ ಸೀಟಿನ ಹೆಂಗಸರು ನಗುತ್ತಾ ಹತ್ತಿರ ಸರಿದರು. ಒಬ್ಬಳು ದಂಡೆ ಮುಡಿಸಿದಳು. ಕಂಡಕ್ಟರು ಕೂಡ ಟಿಕೆಟು ಕೇಳದೆ ದಾಟಿಹೋದ. ಸೇತುವೆಯ ಮೇಲೆ ಬಿಸಿಲು ನೀರಿನಿಂದೆದ್ದು ಸುಚಿತಾಳ ಮುಖದ ಮೇಲೆ ಆಡುತ್ತಿತ್ತು. ಅವಳು ಎಷ್ಟು ಚಂದ ಕಂಡಳೆಂದರೆ, ಹಿಂದಿನ ಸೀಟಿನಲ್ಲಿದ್ದ ನಾನು ಹೇಳಬೇಕೆಂದಿದ್ದ ಮಾತು ಬಿಟ್ಟು, ಕೈ ಚಾಚಿ ಅವಳ ದಂಡೆ ಸರಿಮಾಡಿದೆ.

ತಿಮ್ಮಿ ಕಡಬು ಮುರಿದು ಅವಳ ಬಾಯಿಗಿಟ್ಟಳು. ಸುಚಿತಾಗೆ ನುಂಗಲಾಗಲಿಲ್ಲ. ಬಾಯಲ್ಲಿದ್ದದ್ದನ್ನು ಸೆರಗಿಗೆ ತೆಗೆದುಕೊಂಡು, “ತಿಮ್ಮಕ್ಕ, ಹೊಟ್ಟೇಲಿ ಮಗು ಇಲ್ಲ. ಹೋದ ಮಳೆಗಾಲದಾಗೇ ಹೋತು” ಅಂದಳು.

ನಗುತ್ತಿದ್ದ ಹೆಂಗಸರು ತಮ್ಮ ತಮ್ಮ ಸೀಟಿಗೆ ಸರಿದರು. ತಿಮ್ಮಿಯ ಕೈ ಎತ್ತಿದಲ್ಲೇ ನಿಂತಿತ್ತು. ಮೀನು ಪೇಟೆಯ ಬಾಯಿ ಎಂಥದ್ದೆಂದು ನನಗೆ ಗೊತ್ತು, ಈಗ ಬೈಗುಳದ ಮಳೆಯೇ ಎಂದು ಎದ್ದು ನಿಂತೆ. ಅವಳು ಬೈಯಲಿಲ್ಲ. ಕಡಬನ್ನು ಎಲೆಗೆ ಹಾಕಿ, ಎಲೆಯನ್ನು ಮಡಿಲಲ್ಲಿಟ್ಟುಕೊಂಡು ಹಳದೀಪುರ ದಾಟುವವರೆಗೆ ರಸ್ತೆ ನೋಡುತ್ತಾ ಕೂತಳು. ಆಮೇಲೆ ಕೈ ಒರೆಸಿಕೊಂಡು ಸುಚಿತಾಳ ಕಡೆ ತಿರುಗಿದಳು.

“ಇಲ್ಲ ಹೋತು ಅಂಬುದೆಂತಕ್ಕೆ? ಹಡ್ದಿದ್ದು ನೀನೇ ಅಲ್ವನೆ. ಹಡ್ದಾತು ಅಂತ ಹೇಳು.”

ಸುಚಿತಾ ಹೌದೆಂದು ತಲೆಯಾಡಿಸಿದಳು.

“ಎಂತ ಮಗು?”

“ಹೆಣ್ಣು.”

“ಯಾರ ಹಂಗಿತ್ತು?”

ಬಾಣಂತಿ ಕೋಣೆಯ ಬಾಗಿಲಲ್ಲಿ ಬಂದವರೆಲ್ಲ ಕೇಳುವ ಪ್ರಶ್ನೆ. ನಮ್ಮ ಕೇರಿಯಲ್ಲಿ ಒಬ್ಬರೂ ಇದನ್ನು ಸುಚಿತಾಳಿಗೆ ಕೇಳಿರಲಿಲ್ಲ, ಗಂಡನೂ ಕೇಳಿರಲಿಲ್ಲ. ಆಸ್ಪತ್ರೆಯಲ್ಲಿ ಅವಳು ಆ ಮುಖ ನೋಡಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ. ಅವಳಿಗೆ ಅಳು ಬಂತು, ಬಸ್ಸಿನಲ್ಲಿ ಜನ ಇದ್ದಾರೆ ಎಂಬ ಪರಿವೆಯಿಲ್ಲದೆ ಅತ್ತಳು. ಅಳುತ್ತಲೇ ಹೇಳಿದಳು, ಮೂಗು ಅತ್ತೆ ಮಾದೇವಿಯದ್ದು, ಬೆರಳು ಉದ್ದುದ್ದ ಅದರಪ್ಪನ ಹಾಗೆ, ತಲೆತುಂಬ ಕೂದಲು. ತಿಮ್ಮಿ ಹೌದಾ ಹೌದಾ ಎಂದು ಕೇಳುತ್ತಾ, ನಡುನಡುವೆ ಕಡಬು ಮುರಿದು ಅವಳ ಬಾಯಿಗಿಡುತ್ತಿದ್ದಳು. ಅವಳು ನುಂಗುತ್ತಿದ್ದಳು. ಕುಮಟೆ ಬಂದರೂ ಮಾತು ಮುಗಿದಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಅವರ ಅಂಗಳಕ್ಕೆ ಹೋದಾಗ ಸುಚಿತಾ ಜಗಲಿಯಲ್ಲಿ ಚಾಪೆ ಹಾಸಿ ಮಲಗಿ, ಮೆಲ್ಲಗೆ ಉಸಿರು ಬಿಡುತ್ತಾ ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ಮಾದೇವಿ ಕಂಬಕ್ಕೆ ಒರಗಿ ಕೂತು ತನ್ನ ಮೂಗು ಮುಟ್ಟಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಸೌಜನ್ಯಾ, ತಂಗಿಯ ಕೂದಲು ಗುಂಗುರಾ ನೆಟ್ಟಗಾ ಎಂದು ಕೇಳುತ್ತಿದ್ದಳು.